ನಲ್ಲಿ ದೂರಿಗೆ ತಕ್ಕ ಉತ್ತರ

ನನಗೆ ಮೂಗಿನ ತುದಿಯಲ್ಲೇ ಕೋಪ. ಅದರ ದೆಸೆಯಿಂದ ಐದು ಸಂದರ್ಶನಗಳಲ್ಲಿ ಮಣ್ಣು ಮುಕ್ಕಿದ್ದೆ. ಆರನೆಯದು ನೀರು ಸರಬರಾಜು ಕಚೇರಿಯ ದೂರು ಕೌಂಟರಿನ ಕೆಲಸ. ಮುಂದಿನ ವಾರ ನನಗೆ ನಲವತ್ತೈದು ತುಂಬುತ್ತಿತ್ತು, ಆಮೇಲೆ ಅರ್ಜಿ ಹಾಕುವ ಹಾಗೂ ಇರಲಿಲ್ಲ. ನಾನು ದುಡಿಯುತ್ತಿದ್ದ ಹೊಲಿಗೆ ಕಾರ್ಖಾನೆ ಮುಚ್ಚಿದಂದಿನಿಂದ ಅಕ್ಕನ ಮನೆಯಲ್ಲಿದ್ದೇನೆ. ಅಕ್ಕ ಒಂದು ಮಾತೂ ಆಡಿದವಳಲ್ಲ, ಆದರೂ ಎರಡನೇ ಸಲ ಬಡಿಸಿಕೊಳ್ಳಲು ನನಗೇ ನಾಚಿಕೆ.

ಅಕ್ಕನ ಮಗಳು ವಾರವಿಡೀ ತಾಲೀಮು ಕೊಟ್ಟಳು. ಏನು ಕೇಳಿದರೂ ನಗಬೇಕಂತೆ. ಸಿಟ್ಟು ಬಂದರೆ ಮನಸ್ಸಿನಲ್ಲೇ ಹತ್ತು ಎಣಿಸಬೇಕಂತೆ. ನಿಮ್ಮ ದೌರ್ಬಲ್ಯವೇನು ಎಂದರೆ ಕೆಲಸ ಹಿಡಿದರೆ ಊಟ ಮರೆಯುತ್ತೇನೆ ಎನ್ನಬೇಕಂತೆ. ಊಟ ಮರೆಯುವ ಜನ್ಮವೇ ಇದು? ಆದರೂ ಬಾಯಿಪಾಠ ಮಾಡಿದೆ.

ಮೂರು ಗಂಟೆ ಕಾಯಿಸಿ ಒಳಗೆ ಕರೆದರು. ಒಬ್ಬ ಸಾಹೇಬರು, ಪಕ್ಕದಲ್ಲಿ ಬಿಸ್ಕತ್ತು ತಿನ್ನುವ ಮೇಡಂ. ಮೇಡಂ ದೌರ್ಬಲ್ಯ ಕೇಳಿದರು, ನಾನು ಊಟ ಮರೆತೆ. ಬೆಳಿಗ್ಗೆಯಿಂದ ಹನ್ನೊಂದು ಜನ ಊಟ ಮರೆತಾಯಿತು ಎಂದು ಅವರು ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. ಒಂದು, ಎರಡು, ಮೂರು ಎಣಿಸಿದೆ.

ಆಗ ಸಾಹೇಬರು ಕೇಳಿದರು: "ನಲ್ಲೀಲಿ ನೀರು ಬರ್ತಿಲ್ಲ ಅಂತ ಒಬ್ಬರು ನಾಲ್ಕನೇ ಸಲ ಬಂದಿದ್ದಾರೆ. ಏನು ಹೇಳ್ತೀರಿ?"

ಎಣಿಕೆ ತಪ್ಪಿಹೋಯಿತು. ಅಕ್ಕನ ಮನೆಯ ನಲ್ಲಿ ಒಣಗಿ ತಿಂಗಳಾಗಿತ್ತು, ಇದೇ ಕೌಂಟರಿಗೆ ನಾಲ್ಕು ಸಲ ಅಲೆದವಳು ನಾನೇ. ಕೆಲಸ ಹಾಳಾಗಿ ಹೋಗಲಿ, ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡೋಣ ಎಂದುಕೊಂಡೆ. ಕೌಂಟರಿನವನು ನನಗೆ ಹಲ್ಲು ಕಿರಿದಂತೆಯೇ ಕಿರಿದು, ಅವನ ಮಾತನ್ನೇ ಒಪ್ಪಿಸಿದೆ.

"ಲೈನ್‌ಮನ್ ರಜೆ ಮೇಲಿದ್ದಾರೆ, ನಾಳೆ ಬನ್ನಿ ಅಂತೀನಿ. ನಾಳೆ ಬಂದ್ರೆ ನಾಳಿದ್ದು ಬನ್ನಿ ಅಂತೀನಿ."

ಇನ್ನೇನು ಬಾಗಿಲು ತೋರಿಸುತ್ತಾರೆ ಎಂದು ಎದ್ದು ನಿಂತೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಅಲ್ಲಿಯವರೆಗೆ ಬಂದವರೆಲ್ಲ ನಲ್ಲಿ ರಿಪೇರಿ ಮಾಡಿಸುತ್ತೇವೆಂದು ತಲೆ ತಿಂದಿದ್ದರಂತೆ. ತರಬೇತಿಯೇ ಬೇಡದವಳು ಸಿಕ್ಕಳಲ್ಲ ಎಂದು ಮೇಡಂ ಬಿಸ್ಕತ್ತಿನ ತಟ್ಟೆಯನ್ನು ನನ್ನತ್ತ ಸರಿಸಿದರು.

ಸೋಮವಾರ ಕೌಂಟರಿನಲ್ಲಿ ಕೂತೆ. ದೂರುಗಳ ಕಟ್ಟಿನಲ್ಲಿ ನನ್ನ ಕೈಬರಹದವೇ ನಾಲ್ಕಿದ್ದವು. ಮೊದಲು ನಮ್ಮ ನಲ್ಲಿ ಸರಿಮಾಡಿಸೋಣವೆಂದು ಲೈನ್‌ಮನ್ ಎಲ್ಲಿ ಎಂದು ವಿಚಾರಿಸಿದೆ. ಅವನು ನಿಜವಾಗಿಯೂ ರಜೆಯ ಮೇಲಿದ್ದ. ತಲೆ ಎತ್ತಿದರೆ ಸಾಲಿನ ಮೊದಲಿಗೆ ಅಕ್ಕ, ಕೈಯಲ್ಲಿ ಖಾಲಿ ಕೊಡ. ತಂಗಿ ಇದ್ದಾಳೆಂಬ ಧೈರ್ಯದಲ್ಲಿ ಬಂದಿದ್ದಳು. ನನ್ನ ಬೆನ್ನ ಹಿಂದೆ ಸಾಹೇಬರು ಕೈಕಟ್ಟಿ ನಿಂತಿದ್ದರು. ಹತ್ತರವರೆಗೂ ಎಣಿಸಿ ನಕ್ಕೆ.

"ನಾಳೆ ಬನ್ನಿ."

ಅಕ್ಕ ಖಾಲಿ ಕೊಡ ಹೊತ್ತು ಹೋದಳು. ಸಂಜೆ ಹಸಿದು ಬಂದು ತಟ್ಟೆ ಹಾಕಿಕೊಂಡು ಕೂತೆ. ಅಕ್ಕ ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿದಳು, ನಿಧಾನವಾಗಿ ಹತ್ತು ಎಣಿಸಿದಳು, ಆಮೇಲೆ ನಕ್ಕಳು.

"ನಾಳೆ ಬನ್ನಿ," ಎಂದಳು.