ಜೋಗಮ್ಮನ ಪಾಲು, ಮುನ್ಷಿಯ ನಿಘಂಟು

ರಿಜಿಸ್ಟ್ರಿ ಆಫೀಸಿಗೆ ಬರುವ ಪತ್ರಗಳ ಕೊನೆಯ ಸಾಲಿನಷ್ಟು ಹಸಿ ಸುಳ್ಳನ್ನು ನಾನು ಬೇರೆಲ್ಲೂ ಕಂಡಿಲ್ಲ. ‘ಪತ್ರವನ್ನು ಓದಿಸಿ ಕೇಳಿ, ತಿಳಿದುಕೊಂಡು, ಒಪ್ಪಿ ಸಹಿ ಮಾಡಿರುತ್ತೇನೆ.’ ಓದಿದವರು ಯಾರು? ಕೇಳಿದವರು ಯಾರು? ಪತ್ರ ಬರೆಯುವವರ ಕಂಪ್ಯೂಟರಿನಲ್ಲಿ ಆ ಸಾಲು ಮೊದಲೇ ಕುಳಿತಿರುತ್ತದೆ. ಹೆಸರು, ಸರ್ವೆ ನಂಬರು ಆಮೇಲೆ ಬರುತ್ತವೆ. ಮೂವತ್ತೊಂದು ವರ್ಷ ಬಳ್ಳಾರಿಯಲ್ಲಿ ಕೋರ್ಟಿನ ಭಾಷಾಂತರಕಾರಳಾಗಿದ್ದ ಯಶೋಧರಾ ನಾನು. ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ನನ್ನ ಹತ್ತಿರ ಉಳಿದದ್ದು ಒಂದು ನಿಘಂಟು. ಬ್ರೂಸ್‌ಪೇಟೆಯ ರದ್ದಿ ಅಂಗಡಿಯವನು ಪೊಟ್ಟಣ ಕಟ್ಟಲು ಹಾಳೆ ಹರಿಯುತ್ತಿದ್ದಾಗ ಅವನೊಡನೆ ಜಗಳವಾಡಿ ತಂದದ್ದು. ಮದರಾಸಿನ ಆಡಳಿತದ ಕಾಲದ ಯಾರೋ ಮುನ್ಷಿ ಇಂಗ್ಲಿಷ್ ಕಾನೂನಿನ ಒಂದೊಂದು ಶಬ್ದಕ್ಕೂ ಕನ್ನಡದಲ್ಲಿ ಅರ್ಥ ಬರೆದಿದ್ದಾನೆ. ಅವನ ಹೆಸರಿದ್ದ ಹಾಳೆ ಆಗಲೇ ಹರಿದುಹೋಗಿತ್ತು. ಈಗಿನ ಕೋಶಗಳು ಒಂದು ಕಬ್ಬಿಣದ ಕಡಲೆಗೆ ಇನ್ನೊಂದು ಕಬ್ಬಿಣದ ಕಡಲೆ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಈ ಪುಣ್ಯಾತ್ಮ ಹಾಗಲ್ಲ, ಹೊಲ, ಬಾವಿ, ಎತ್ತು ಮುಂದಿಟ್ಟು ಹೇಳುತ್ತಾನೆ.

ಹೋದ ಶುಕ್ರವಾರ ದೇಶನೂರಿನ ಜೋಗಮ್ಮ ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ನನ್ನ ಮನೆ ಹುಡುಕಿಕೊಂಡು ಬಂದಳು. ಐವತ್ತರ ಆಸುಪಾಸಿನ ಹೆಂಗಸು. ತವರು ಬಾದನಹಟ್ಟಿ. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಐದೆಕರೆ ಮೆಣಸಿನಕಾಯಿ ಹೊಲದಲ್ಲಿ ಅವಳಿಗೆ ಅರ್ಧ, ತಮ್ಮ ಹಂಪಯ್ಯನಿಗೆ ಅರ್ಧ ಬರಬೇಕು. ಸೋಮವಾರ ಕುರುಗೋಡಿನ ರಿಜಿಸ್ಟ್ರಿ ಆಫೀಸಿಗೆ ಬಂದು ಸಹಿ ಹಾಕು ಎಂದು ಅವನು ಒಂದು ಪತ್ರದ ನಕಲು ಕಳಿಸಿದ್ದ. ಪೂರಾ ಇಂಗ್ಲಿಷು.

“ಯಕ್ಕಾ, ಇದರಾಗ ಏನೈತಿ ನೋಡ್ರಿ. ಸಹಿ ಆದ ಮ್ಯಾಲೆ ಅಲ್ಲೇ ಉಡಿ ತುಂಬತೀನಂತ ತಮ್ಮ ಸೀರಿ ತಂದಾನ” ಎಂದಳು.

ಪತ್ರದ ಮೇಲೆ ಕಣ್ಣಾಡಿಸಿದೆ, ಅವಳ ಪಾಲನ್ನು ತಮ್ಮನಿಗೆ ಬಿಟ್ಟುಕೊಡುವ ಪತ್ರ. ನನಗೆ ಮೈಯೆಲ್ಲ ಉರಿಯಿತು. ಉಡಿಗೆ ಐದು ಹಿಡಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು ಹಾಕುವುದು, ಎರಡೂವರೆ ಎಕರೆ ಬಿಡಿಸಿಕೊಳ್ಳುವುದು! ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚಿತು. ಹೆಣ್ಣುಮಕ್ಕಳ ಮೂಗಿಗೆ ತುಪ್ಪ ಸವರುವುದೆಂದರೆ ಇದೇ.

ನಿಘಂಟು ತೆಗೆದೆ. ಜೋಗಮ್ಮ ಪುಟದ ಮೇಲೆ ಬಾಗಿದಳು. ನಾನು ಪುಸ್ತಕ ನನ್ನ ಕಡೆ ತಿರುಗಿಸಿಕೊಂಡು, “ನೀ ಸುಮ್ನ ಕುಂತು ಕೇಳವಾ, ನಾ ಓದಿ ಹೇಳತೀನಿ” ಎಂದೆ. ಪತ್ರದ ತಲೆಯ ಮೇಲಿದ್ದ ‘ರಿಲಿಂಕ್ವಿಶ್‌ಮೆಂಟ್’ ಎಂಬ ದೊಡ್ಡ ಶಬ್ದಕ್ಕೆ ಮುನ್ಷಿ ಹೀಗೆ ಬರೆದಿದ್ದ: ‘ತನಗೆ ನ್ಯಾಯವಾಗಿ ಬರತಕ್ಕ ಪಾಲನ್ನು ಯಾರ ಬಲವಂತವೂ ಇಲ್ಲದೆ ಬಿಟ್ಟುಕೊಡುವುದು. ಬಿಟ್ಟ ಬಳಿಕ ಆ ಹೊಲದ ಬದುವಿನ ಹುಲ್ಲನ್ನೂ ಕೇಳತಕ್ಕದ್ದಲ್ಲ.’ ಅವಳು ಇನ್ನೂ ಪುಸ್ತಕದ ಕಡೆಗೇ ಕತ್ತು ಚಾಚುತ್ತಿದ್ದಳು. ತಿಳಿಯಲಿಲ್ಲವೇನೋ ಎಂದು ಇನ್ನೂ ಎರಡು ಸಲ ಗಟ್ಟಿಯಾಗಿ ಓದಿದೆ. ಸೋಮವಾರ ನಾನೂ ಬರುತ್ತೇನೆ ಎಂದೆ.

ಕುರುಗೋಡಿನ ಆಫೀಸಿನ ವರಾಂಡದಲ್ಲಿ ಹಂಪಯ್ಯ ಸೀರೆಯ ಚೀಲ ಹಿಡಿದು ನಿಂತಿದ್ದ. ಪತ್ರ ಬರೆದ ಸುಭಾಷ್ ಸಹಿಯ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದ.

“ಇದನ್ನ ಆಕಿಗೆ ಓದಿ ಹೇಳೀರೇನ್ರಿ?” ಎಂದು ಕೇಳಿದೆ.

“ಕೊನಿಗೆ ಬರದೈತಲ್ರಿ ಮೇಡಂ” ಎಂದು ಅವನು ನಕ್ಕ.

ಆ ನಗೆ ನೋಡಿ ನನ್ನ ಪಿತ್ತ ನೆತ್ತಿಗೇರಿತು. “ನಾಚಿಕಿ ಆಗಂಗಿಲ್ಲೇನು? ಆಗಿನ ಕಾಲದ ಮುನ್ಷಿಗೆ ಇದ್ದ ಮರ್ಯಾದಿ ನಿಮಗಿಲ್ಲ!” ಎಂದು ಕೂಗಾಡಿದೆ. ಚೀಲದಿಂದ ನಿಘಂಟು ತೆಗೆದು, ಇಡೀ ವರಾಂಡಕ್ಕೆ ಕೇಳುವ ಹಾಗೆ ಓದತೊಡಗಿದೆ. ‘ತನಗೆ ನ್ಯಾಯವಾಗಿ ಬರತಕ್ಕ...’

“ಸಾಕ್ರಿ ಯಕ್ಕಾ” ಎಂದಳು ಜೋಗಮ್ಮ. “ಇತ್ತ ಕೊಡ್ರಿ.”

ಪುಸ್ತಕ ಇಸಿದುಕೊಂಡಳು. ಸಾಲಿನ ಕೆಳಗೆ ಬೆರಳಿಟ್ಟು ತಾನೇ ಓದಿದಳು. ಹಳೆಯ ಅಚ್ಚಿನ ಅಕ್ಷರಗಳಲ್ಲಿ ಒಂದೆರಡು ಕಡೆ ನಿಂತಳು, ತಡವರಿಸಲಿಲ್ಲ. ಯಾರ ಬಲವಂತವೂ ಇಲ್ಲದೆ ಎನ್ನುವಲ್ಲಿ ತಲೆಯೆತ್ತಿ ತಮ್ಮನನ್ನು ನೋಡಿದಳು. ಆಮೇಲೆ ಉಳಿದದ್ದನ್ನೂ ಓದಿ ಮುಗಿಸಿದಳು.

“ನಾ ಸಹಿ ಹಾಕಂಗಿಲ್ಲಲೇ ಹಂಪಾ. ನನ್ನ ಪಾಲು ನನಗ ಇರಲಿ.”

ಹಂಪಯ್ಯ ಸೀರೆಯ ಚೀಲವನ್ನು ಕಂಕುಳಿಗೆ ಸೇರಿಸಿದ. “ಹಂಗಾರ ಇನ್ ಮ್ಯಾಲೆ ಬಾದನಹಟ್ಟಿ ಕಡಿ ಬರಬ್ಯಾಡ” ಎಂದ. ಜೋಗಮ್ಮನಿಗೆ ದುಃಖ ಒತ್ತರಿಸಿ ಬಂತು. ಎಲ್ಲರೆದುರೇ ಅತ್ತಳು, ಆದರೆ ಪೆನ್ನು ಮುಟ್ಟಲಿಲ್ಲ. ಸುಭಾಷ್ ಕಾಗದ ಮಡಚಿಕೊಂಡು ಒಳಗೆ ಹೋದ.

ನಾನು ಬೆಪ್ಪಾಗಿ ನಿಂತಿದ್ದೆ. “ನಿನಗ ಓದಾಕ ಬರತೈತೇನ ಜೋಗಮ್ಮ?”

“ಏಳನೇತ್ತ ಪಾಸ್ ಅದೀನ್ರಿ. ಇವಗ ಪಾಠ ಓದಿ ಹೇಳತಿದ್ದಾಕಿ ನಾನ. ಕನ್ನಡದಾಗ ಬರಸಿದ್ರ ನಾ ಓದತೀನಂತ ಇವಗ ಗೊತ್ತಿತ್ತು. ಅದಕ್ಕ ಇಂಗ್ಲೀಷಿನಾಗ ಬರಸ್ಯಾನ.” ಸೆರಗಿನಿಂದ ಕಣ್ಣೊರೆಸಿಕೊಂಡು ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು.

ಹಂಪಯ್ಯ ತಲೆ ತಗ್ಗಿಸಿ ಮೆಟ್ಟಿಲಿಳಿದ. ಅವನನ್ನು ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ಅಕ್ಕನಿಗೆ ಓದು ಬರುತ್ತದೆಂದು ಅವನಾದರೂ ತಿಳಿದಿದ್ದ, ಹೆದರಿದ್ದ. ನಾನು ಕೇಳಿಯೂ ಇರಲಿಲ್ಲ.