ಮಾರ್ಚ್ ಹನ್ನೊಂದರ ಮೊಹರು

ನಾನು ಒಂದು ತಾರೀಖಿನ ಮೊಹರು. ಮರದ ಹಿಡಿ, ಹಿತ್ತಾಳೆಯ ಚೌಕಟ್ಟು, ಒಳಗೆ ತಿರುಗುವ ರಬ್ಬರ್ ಪಟ್ಟಿಗಳು. ತಾರೀಖಿನ ಮೇಲೆ ‘ತಲುಪಿದೆ’ ಎಂಬ ಒಂದೇ ಮಾತು. ಹುಟ್ಟಿದ್ದು ಒಂದು ಚಳಿದೇಶದ ಗಲ್ಲಿಯ ಕಾರ್ಖಾನೆಯಲ್ಲಿ. ಅಂದಿನಿಂದಲೂ ನೆಮ್ಮದಿ ಎಂಬುದನ್ನು ಕಂಡವನಲ್ಲ. ದಿನ ಬೆಳಗಾದರೆ ಯಾರೋ ಹೊಟ್ಟೆ ತಿರುವುತ್ತಾರೆ, ಮರುಗಳಿಗೆ ಮುಖವನ್ನು ಮಸಿಯಲ್ಲಿ ಅದ್ದುತ್ತಾರೆ.

ನನ್ನನ್ನು ಕೊಂಡದ್ದು ದೇಶದೇಶಗಳ ಒಪ್ಪಂದ ಪತ್ರಗಳನ್ನು ಕಾಪಾಡುವ ಕಚೇರಿ. ಮೊದಲ ಯಜಮಾನ ಮುದುಕ ಹೆನ್ರಿಕ್, ಹಳೇ ದ್ವೇಷವಿದ್ದವನಂತೆ ಕುಟ್ಟುತ್ತಿದ್ದ. ಅವನು ನಿವೃತ್ತನಾದ ಮೇಲೆ ಗದಗಿನ ಇಂದುಮತಿ ಹಳ್ಳಿಕೇರಿಯ ಕೈಗೆ ಬಂದೆ. ಅವಳ ತಂದೆ ಚನ್ನಬಸಪ್ಪ ಊರಿನ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಒಮ್ಮೆ ಅವರ ಗುಮಾಸ್ತನೊಬ್ಬ ತಾರೀಖು ಬದಲಿಸಲು ಮರೆತು, ಬೆಳಗಿನ ಅರ್ಜಿಗಳಿಗೆಲ್ಲ ಹಿಂದಿನ ದಿನದ ಮೊಹರು ಒತ್ತಿ ದೊಡ್ಡ ರಂಪವಾಗಿತ್ತಂತೆ. ಆಮೇಲೆ ಅವರದು ಒಂದೇ ಪಾಠ: ನಾಳಿನ ತಾರೀಖನ್ನು ಇವತ್ತೇ ತಿರುವಿಟ್ಟು ಮನೆಗೆ ಹೋಗಬೇಕು. ಮಗಳು ಆ ಪಾಠವನ್ನು ಸಮುದ್ರ ದಾಟಿಸಿ ತಂದಿದ್ದಳು.

ಅದೊಂದು ಶುಕ್ರವಾರ, ಮಾರ್ಚ್ ಎಂಟು. ಟಪಾಲು ಮುಗಿಯಿತೆಂದು ಇಂದುಮತಿ ನಾಲ್ಕೂವರೆಗೇ ನನ್ನನ್ನು ಸೋಮವಾರಕ್ಕೆ, ಅಂದರೆ ಹನ್ನೊಂದಕ್ಕೆ, ತಿರುವಿಟ್ಟಳು. ಐದಕ್ಕೆ ಹತ್ತು ನಿಮಿಷವಿರುವಾಗ ಕರೋವಿಯ ದೇಶದ ರಾಯಭಾರ ಕಚೇರಿಯ ಜವಾನ ಏದುಸಿರು ಬಿಡುತ್ತ ಬಂದ. ಕೋಟು ತೊಟ್ಟು ಹೊರಟು ನಿಂತಿದ್ದವಳು ನನ್ನನ್ನೆತ್ತಿ ಪತ್ರಕ್ಕೂ ಅವನ ನಕಲಿಗೂ ಒತ್ತಿಬಿಟ್ಟಳು. ಹನ್ನೊಂದು! ಇಬ್ಬರೂ ನೋಡಲಿಲ್ಲ. ಕೂಗಿ ಹೇಳೋಣವೆಂದರೆ ನನಗೆಲ್ಲಿಯ ಬಾಯಿ? ಅವಳಿಗೆ ತಪ್ಪು ಹೊಳೆದದ್ದು ಸೋಮವಾರ. ಮೂರು ದಿನದಲ್ಲೇನು ಮಹಾ ಎಂದು ಸುಮ್ಮನಾದಳು.

ಯುದ್ಧಾಪರಾಧ, ನರಮೇಧಗಳನ್ನು ವಿಚಾರಿಸುವ ಅಂತರರಾಷ್ಟ್ರೀಯ ನ್ಯಾಯಾಲಯದ ಒಪ್ಪಂದದಿಂದ ತಾನು ಹೊರಹೋಗುತ್ತೇನೆ ಎಂದು ಕರೋವಿಯ ಆ ಪತ್ರದಲ್ಲಿ ಬರೆದಿತ್ತು. ಹಾಗೆಂದು ಪತ್ರ ಎಸೆದು ಕೈತೊಳೆದುಕೊಳ್ಳುವಂತಿಲ್ಲ. ಪತ್ರ ತಲುಪಿ ಒಂದು ವರ್ಷ ಕಳೆದ ಮೇಲಷ್ಟೇ ಬಿಡುಗಡೆ. ಅಲ್ಲಿಯವರೆಗೆ ನಡೆದದ್ದಕ್ಕೆ, ಬಿಟ್ಟು ಹೋದ ಮೇಲೂ ಉತ್ತರ ಹೇಳಲೇಬೇಕು. ಮಾಡಿದ್ದುಣ್ಣೋ ಮಹಾರಾಯ!

ಮರುವರ್ಷ ಮಾರ್ಚ್ ಹತ್ತರಂದು ಕರೋವಿಯದ ಸೈನಿಕರು ಮೀನು ಒಣಗಿಸುವ ಬಯಲಿನಲ್ಲಿ ಮೂವತ್ತೊಂದು ಜನರನ್ನು ಗುಂಡಿಟ್ಟು ಕೊಂದರು. ನಾವು ಎಂಟಕ್ಕೇ ಹೊರಬಂದಾಯಿತು, ಪತ್ರವನ್ನು ಹೋದ ವರ್ಷ ಎಂಟರ ಶುಕ್ರವಾರವೇ ಕೊಟ್ಟಿದ್ದೆವು ಎಂದಿತು ಅಲ್ಲಿಯ ಸರ್ಕಾರ. ಪತ್ರ ತೆಗೆದು ನೋಡಿದರೆ ನನ್ನ ಹನ್ನೊಂದು. ಎಂಟು ನಿಜವಾದರೆ ಆ ಕೊಲೆಗಳನ್ನು ಈ ನ್ಯಾಯಾಲಯ ಮುಟ್ಟುವಂತಿಲ್ಲ. ಹನ್ನೊಂದಾದರೆ ಕೊಂದವರು ಕಟಕಟೆ ಹತ್ತಬೇಕು.

ಇಂದುಮತಿಗೆ ಸಾಕ್ಷಿ ಹೇಳಲು ಕರೆ ಬಂತು. ಬಾಲ ಸುಟ್ಟ ಬೆಕ್ಕಿನಂತೆ ಮೇಜು ಸುತ್ತಿದಳು, ಆಮೇಲೆ ನನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಗದಗಿಗೆ ಫೋನು ಮಾಡಿದಳು.

“ಅಪ್ಪಾ, ಖರೇ ಹೇಳಿದ್ರ ಆ ಮೂವತ್ತೊಂದು ಮಂದಿಗೆ ನ್ಯಾಯ ಸಿಗಂಗಿಲ್ಲ.”

“ಸುಳ್ಳ ಹೇಳಿ ಸಿಕ್ಕಿಬಿದ್ರ?” ಎಂದರು ಚನ್ನಬಸಪ್ಪ. “ಅದಕ್ಕೂ ಮೊದಲ ಆ ಸೈನಿಕರ ಕೈಯಾಗ ಸತ್ತವ್ರ ಕೇಸು ನಡದಾವಲ್ಲ, ಅವೂ ಕೆಡ್ತಾವು ಮಗಳ. ಇಡೀ ಕಡತನ ಸುಳ್ಳಂತಾರ.”

“ಹಂಗಾದ್ರ ಏನ್ ಮಾಡ್ಲಿ?”

“ತಪ್ಪು ನಂದೈತವ್ವಾ. ಮುಂಚೇನ ತಿರುವಿಡು ಅಂತ ಕಲಿಸಿದಾಂವ ನಾನ. ನನ್ನ ಏನೂ ಕೇಳಬ್ಯಾಡ,” ಎಂದು ಚನ್ನಬಸಪ್ಪ ಫೋನು ಇಟ್ಟುಬಿಟ್ಟರು.

ವಿಚಾರಣೆಯ ದಿನ ನನ್ನನ್ನು ಪಾರದರ್ಶಕ ಚೀಲದಲ್ಲಿ ಹಾಕಿ ಮೇಜಿನ ಮೇಲಿಟ್ಟರು. ಮುಂದಿನ ಸಾಲಿನಲ್ಲಿ ಲೆಯಾ ಎಂಬ ಕರೋವಿಯದ ಹೆಂಗಸು. ಜನವರಿಯಲ್ಲಿ ಅವಳ ಮಗನನ್ನು ಸೈನಿಕರು ಎಳೆದೊಯ್ದು ಕೊಂದಿದ್ದರು. ಮಾರ್ಚ್ ಹತ್ತರಂದು ಬಯಲಿನಲ್ಲಿ ಮಗಳನ್ನು. ಅವಳ ಕಣ್ಣು ನನ್ನ ಮೇಲೆಯೇ ನೆಟ್ಟಿತ್ತು.

ಇಂದುಮತಿ ಎದ್ದು ನಿಂತಳು. ನೀರು ಕುಡಿದಳು. ಪತ್ರ ಬಂದದ್ದು ಶುಕ್ರವಾರ, ತಾರೀಖನ್ನು ಮುಂಚೆಯೇ ತಿರುವಿಟ್ಟವಳು ನಾನು, ಎಂದಳು. ಕರೋವಿಯದ ವಕೀಲ ಕುರ್ಚಿಗೆ ಒರಗಿ ಕೂತ.

ಎಲ್ಲರೂ ಹೊರಗೆ ಹೋದ ಮೇಲೆ ಲೆಯಾ ದುಭಾಷಿಯನ್ನು ಕರೆದುಕೊಂಡು ಇಂದುಮತಿಯ ಬಳಿಗೆ ಬಂದಳು.

“ಮಗನ ಕೇಸು ನಡೆಯುತ್ತದೆಯೇ?”

“ನಡೆಯುತ್ತದಮ್ಮ. ಅದು ಅವರು ಹೊರಹೋಗುವ ಮೊದಲಿನದು.”

“ಮಗಳದು?”

“ಅದು ಇಲ್ಲಿ ನಡೆಯುವುದಿಲ್ಲಮ್ಮ,” ಎಂದಳು ಇಂದುಮತಿ. ಲೆಯಾ ಚೀಲದ ಮೇಲಿನಿಂದಲೇ ನನ್ನನ್ನು ಒಮ್ಮೆ ಮುಟ್ಟಿ ಹೊರಟುಹೋದಳು.

ಈಗ ನಾನು ಸಾಕ್ಷಿವಸ್ತುಗಳ ಕಪಾಟಿನಲ್ಲಿದ್ದೇನೆ. ರಬ್ಬರು ಬಿರುಕು ಬಿಟ್ಟಿದೆ, ಇನ್ನು ತಿರುವಿದರೂ ತಿರುಗಲಾರೆ. ಲೆಯಾಳ ಮಗನನ್ನು ಕೊಂದವರಿಗೆ ಶಿಕ್ಷೆಯಾಯಿತೆಂದು ಕಪಾಟು ತೆರೆದವರು ಮಾತಾಡಿಕೊಂಡದ್ದು ಕೇಳಿದೆ. ಇಂದುಮತಿ ಮಾಡಿದ್ದು ಸರಿ, ಅದನ್ನು ಸಾವಿರ ಸಲ ಒಪ್ಪುತ್ತೇನೆ. ಆದರೂ ನಿದ್ದೆಯಿಲ್ಲ. ಆ ದಿನ ಆ ತಾಯಿಯ ಎದುರಿಗೆ ನನ್ನನ್ನು ಕೇಳಿದ್ದರೆ, ಹನ್ನೊಂದು ಎಂದೇ ಹೇಳುತ್ತಿದ್ದೆ.