ಮಾರ್ಗದರ್ಶಿಯ ನಾಲ್ಕು ಶನಿವಾರ

ದೌಲತರಾಯನಿಗೆ ತನ್ನ ಮೇಲೆ ಇದ್ದ ಅಭಿಮಾನ ಸಣ್ಣದಲ್ಲ. ಆಳಂದದ ಪದವಿ ಕಾಲೇಜೊಂದರಲ್ಲಿ ಹದಿಮೂರು ವರ್ಷದಿಂದ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದ. ಎರಡು ವರ್ಷದ ಹಿಂದೆ ಪ್ರಾಂಶುಪಾಲ ಹಣಮಂತ್ರಾಯರು ವಿದ್ಯಾರ್ಥಿ ಮಾರ್ಗದರ್ಶನ ಯೋಜನೆಯ ಸಂಚಾಲಕತ್ವವನ್ನು ಅವನ ತಲೆಗೆ ಕಟ್ಟಿದರು. ಬೇರೆ ಯಾರೂ ಒಪ್ಪದ ಕೆಲಸವದು. ತನ್ನ ಯೋಗ್ಯತೆ ನೋಡಿಯೇ ಕೊಟ್ಟಿದ್ದಾರೆ ಎಂದುಕೊಂಡ ದೌಲತರಾಯ ಅವತ್ತೇ ಒಂದು ಹೊಸ ಕೋಟು ಹೊಲಿಯಲು ಹಾಕಿದ.

ಯೋಜನೆ ಸರಳವಾದದ್ದು. ಒಬ್ಬೊಬ್ಬ ಉಪನ್ಯಾಸಕನಿಗೆ ಇಪ್ಪತ್ತು ವಿದ್ಯಾರ್ಥಿಗಳು. ತಿಂಗಳ ಮೊದಲ ಶನಿವಾರ ಹನ್ನೆರಡೂವರೆಗೆ ತರಗತಿ ಮುಗಿದ ಮೇಲೆ ಅವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಳ್ಳಬೇಕು. ಮನೆಯಲ್ಲಿ ಹೇಗಿದ್ದೀರಿ, ಓದು ಹೇಗೆ ನಡೆದಿದೆ, ಏನು ತೊಂದರೆ ಎಂದು ಕೇಳಿ ರಿಜಿಸ್ಟರಿನಲ್ಲಿ ಬರೆಯಬೇಕು. ಇಷ್ಟೇ.

ಈ ಇಷ್ಟನ್ನೇ ದೌಲತರಾಯ ಒಂದೂವರೆ ತಾಸಿನ ಭಾಷಣ ಮಾಡಿ, ವರ್ಷದ ಆರಂಭದಲ್ಲಿ ಕಾಲೇಜಿನ ಮಕ್ಕಳಿಗೆಲ್ಲ ಕೇಳಿಸುತ್ತಿದ್ದ. ಭಾಷಣದ ಜೀವಾಳ ಅವನದೇ ಕಥೆ. ಖಜೂರಿಯಿಂದ ಲಾರಿ ಹತ್ತಿ ಆಳಂದಕ್ಕೆ ಓದಲು ಬರುತ್ತಿದ್ದ ಹುಡುಗನನ್ನು ಒಂದು ದಿನ ಕಾರಿಡಾರಿನಲ್ಲಿ ಗುರುಗಳೊಬ್ಬರು ತಡೆದು ನಿಲ್ಲಿಸಿ, "ಉಂಡೀಯೇನಪಾ?" ಎಂದು ಕೇಳಿದರು. ಆ ಒಂದು ಮಾತು ತನ್ನ ಬದುಕನ್ನೇ ತಿರುಗಿಸಿತು ಎನ್ನುವಾಗ ಅವನ ಗಂಟಲು ಕಟ್ಟುತ್ತಿತ್ತು. ಪ್ರತಿ ಸಲವೂ ಅದೇ ಜಾಗದಲ್ಲಿ ಕಟ್ಟುತ್ತಿತ್ತು. ಕರವಸ್ತ್ರ ಮಾತ್ರ ಎರಡು ವಾಕ್ಯ ಮೊದಲೇ ಜೇಬಿನಿಂದ ಹೊರಗೆ ಬಂದಿರುತ್ತಿತ್ತು.

ಕಥೆ ಖರೆ. ಗುರುಗಳೂ ಖರೆ. ಆದರೆ ಭಾಷಣ ಊರೂರಿಗೆ ಹಬ್ಬಿ ಬೇರೆ ಕಾಲೇಜಿನವರು ಕರೆಯತೊಡಗಿದರು. ಅವರಿಗೆ ಅನುಕೂಲವಾದ ವಾರ ಶನಿವಾರ. ಆಗಸ್ಟಿನ ಮೊದಲ ಶನಿವಾರ ಅಫಜಲಪುರ, ಸೆಪ್ಟೆಂಬರಿನದು ಜೇವರ್ಗಿ, ಅಕ್ಟೋಬರಿನದು ಯಡ್ರಾಮಿ. ನವೆಂಬರಿನಲ್ಲಿ ಮಾತ್ರ ದೌಲತರಾಯ ಆಳಂದದಲ್ಲೇ ಇದ್ದ. ಪ್ರಾಂಶುಪಾಲರ ಕೋಣೆಯ ಕದ ಹಾಕಿಕೊಂಡು, ಹಿಂದಿನ ಮೂರು ಭಾಷಣಗಳ ಫೋಟೊಗಳನ್ನು ವರದಿಗೆ ಅಂಟಿಸುತ್ತ ಸಂಜೆ ಮಾಡಿದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯನ್ನು ಅವನು ಬೇರೆಯವರ ಬಗ್ಗೆ ಬಹಳ ಸಲ ಬಳಸಿದ್ದ.

ಡಿಸೆಂಬರಿನಲ್ಲಿ ತಪಾಸಣೆ ಸಮಿತಿ ಬರುತ್ತದೆ ಎಂಬ ಸುದ್ದಿ ಬಂತು. ಸಮಿತಿ ಮೆಚ್ಚಿದರೆ ದೌಲತರಾಯನಿಗೆ ಆದರ್ಶ ಮಾರ್ಗದರ್ಶಿ ಎಂದು ಶಾಲು ಹೊದಿಸುತ್ತಾರೆ ಎಂದೂ ಗೊತ್ತಾಯಿತು. ಆದರೆ ರಿಜಿಸ್ಟರು ಮದುವೆಯ ಹಂದರದಷ್ಟೇ ಖಾಲಿ ಇತ್ತು, ಮದುವೆ ಮುಗಿದ ಮೇಲಿನ ಹಂದರ.

ಹದಿಮೂರು ವರ್ಷದ ಅನುಭವ ಇಂಥಲ್ಲಿ ಕೈ ಹಿಡಿಯುತ್ತದೆ. ಒಂದೇ ದಿನ ಬರೆದದ್ದು ಎಂದು ಕಾಣಬಾರದೆಂದು ಅವನು ಮೂರು ಪೆನ್ನು ತಂದ: ಒಂದು ಗಾಢ ನೀಲಿ, ಒಂದು ತೆಳು ನೀಲಿ, ಒಂದು ಕಪ್ಪು. ಪುಟಗಳ ಮೂಲೆಗಳನ್ನು ಬೆರಳಿನಿಂದ ತಿಕ್ಕಿ ಮಾಸಿಸಿದ. ಸೆಪ್ಟೆಂಬರಿನ ಪುಟದ ಮೇಲೆ ಚಹಾದ ಕಪ್ಪು ಇಟ್ಟು ಒಂದು ಗುಂಡನೆಯ ಕಲೆಯನ್ನೂ ಮಾಡಿದ. ಆ ಕಲೆಯ ಬಗ್ಗೆ ಅವನಿಗೆ ವಿಶೇಷ ಹೆಮ್ಮೆ. ಇಪ್ಪತ್ತು ಹುಡುಗರಿಗೂ ನಾಲ್ಕು ನಾಲ್ಕು ಭೇಟಿ, ನಾಲ್ಕು ನಾಲ್ಕು ಉಪದೇಶ. ಪಂಚಶೀಲಾ ಎಂಬ ಹೆಸರು ಬಂದಾಗ ಮುಖ ನೆನಪಾಗಲಿಲ್ಲ. ಹಾಜರಿ ಪುಸ್ತಕ ತೆಗೆದರೆ ಅವನ ಹತ್ತು ಗಂಟೆಯ ತರಗತಿಗಳಿಗೆಲ್ಲ ಗೈರು. ಸೋಮಾರಿ ಇರಬೇಕು ಎಂದುಕೊಂಡು, "ಸಮಯಪಾಲನೆಯ ಬಗ್ಗೆ ತಿಳಿಹೇಳಲಾಯಿತು, ಒಪ್ಪಿಕೊಂಡಳು" ಎಂದು ನಾಲ್ಕೂ ತಿಂಗಳು ಬರೆದ. ಪೆನ್ನು ಮಾತ್ರ ಬದಲಿಸಿದ.

ಈ ಬರವಣಿಗೆ ನಡೆದಿದ್ದಾಗಲೇ ಜವಾನ ಹುಸೇನಸಾಬ ಕದದಲ್ಲಿ ಇಣುಕಿದ. "ಸರ್, ಮಾದನಹಿಪ್ಪರಗಾದ ಹುಡುಗಿ ಬಂದಾಳ್ರಿ. ಹಾಜರಿ ಕಡಿಮಿ ಬಿದ್ದಾವಂತ, ಅರ್ಜಿ ಮ್ಯಾಲ ನಿಮ್ಮ ಶಿಫಾರಸು ಬೇಕಂತ. ಶುಕ್ರವಾರ ಐದಕ್ಕ ಕಡೀ ಟೈಮಂತ್ರಿ. ತಪ್ಪಿದರ ಪರೀಕ್ಷಾಕ್ಕ ಕೂಡ್ಸಂಗಿಲ್ಲ."

"ಈಗ ಮಾರ್ಗದರ್ಶನದ ಕೆಲಸದಾಗ ಅದೇನಿ. ನಾಳೆ ಬಾ ಅನ್ನು."

ನಾಳೆಯೂ ಅದೇ ಉತ್ತರ ಹೋಯಿತು.

ಸಮಿತಿ ಬಂದದ್ದು ಅದೇ ಶುಕ್ರವಾರ. ಅಧ್ಯಕ್ಷೆ ಹಮೀದಾಬೇಗಂ ಮೇಡಂ ಸಣ್ಣ ಆಳು, ದಪ್ಪ ಕನ್ನಡಕ. ಮಧ್ಯಾಹ್ನ ಮೂರೂವರೆಗೆ ಪ್ರಾಂಶುಪಾಲರ ಕೋಣೆಯಲ್ಲಿ ದೌಲತರಾಯನ ರಿಜಿಸ್ಟರು ಬಿಚ್ಚಿದರು. ಚಹಾದ ಕಲೆಯನ್ನು ನೋಡಿ ಪುಟ ತಿರುವಿದರು. ಮೇಜಿನ ಮೂಲೆಯಲ್ಲಿ ಶಾಲು ಪ್ಲಾಸ್ಟಿಕ್ ಚೀಲದಲ್ಲಿ ಕೂತಿತ್ತು.

"ಈ ಪಂಚಶೀಲಾ ಇವತ್ತ ಬಂದಾಳೇನ್ರಿ? ಮಾತಾಡ್ಸಬೇಕಿತ್ತು," ಎಂದು ಮೇಡಂ ಒಂದು ಪುಟದ ಮೇಲೆ ಬೆರಳಿಟ್ಟರು.

ದೌಲತರಾಯ ಬಾಯಿ ತೆರೆಯುವ ಮೊದಲೇ ಹುಸೇನಸಾಬ ಹೇಳಿದ: "ಹೊರಗ ಬೆಂಚಿನ ಮ್ಯಾಲ ಕುಂತಾಳ್ರಿ. ಮೂರು ದಿನದಿಂದ ಅಲ್ಲೇ ಕುಂತಾಳ."

ಹುಡುಗಿ ಒಳಗೆ ಬಂದಳು. ತೆಳ್ಳಗಿನ ಮೈ, ಕೈಯಲ್ಲಿ ಅರ್ಜಿ, ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿದ ಬಸ್ಸಿನ ಟಿಕೆಟುಗಳ ಕಟ್ಟು. ಹೆಣ್ಣುಮಕ್ಕಳಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟುಗಳು. ಮೇಡಂ ಕೈ ಚಾಚಿದರು, ಆಕೆ ಎಲ್ಲವನ್ನೂ ಕೊಟ್ಟಳು.

"ಇವು ಯಾಕವ್ವ?"

"ಅರ್ಜಿಗೆ ಆಧಾರ ಹಚ್ಚಬೇಕಂತ್ರಿ. ನಮ್ಮೂರ ಬಸ್ಸು ಆಳಂದಕ್ಕ ಬರೋದ ಹತ್ತೂ ಮುಕ್ಕಾಲಕ್ಕರಿ. ಹತ್ತರ ಕ್ಲಾಸು ಸಿಗಂಗಿಲ್ಲ. ಟಿಕೇಟಿನ ಮ್ಯಾಲ ಟೈಮ್ ಇರ್ತದ."

ಮೇಡಂ ಒಂದೊಂದೇ ಟಿಕೆಟು ನೋಡುತ್ತ ಹೋದರು. ಆಮೇಲೆ ನಾಲ್ಕನ್ನು ಬೇರೆ ತೆಗೆದು ರಿಜಿಸ್ಟರಿನ ಪಕ್ಕದಲ್ಲಿ ಸಾಲಾಗಿ ಇಟ್ಟರು. ಆಳಂದದಿಂದ ಮಾದನಹಿಪ್ಪರಗಾಕ್ಕೆ ಮರಳುವ ಟಿಕೆಟುಗಳು ಅವು. ನಾಲ್ಕೂ ಮೊದಲ ಶನಿವಾರದವು, ನಾಲ್ಕೂ ಸಂಜೆ ನಾಲ್ಕೂವರೆಯ ಮೇಲಿನವು.

"ಶನಿವಾರ ಕ್ಲಾಸು ಹನ್ನೆರಡೂವರೆಗೆ ಮುಗೀತಾವ. ಅಂದರ ನಾಲ್ಕು ತಾಸು," ಎಂದು ಮೇಡಂ ಕನ್ನಡಕ ಸರಿಪಡಿಸಿಕೊಂಡು ದೌಲತರಾಯನನ್ನು ನೋಡಿದರು. "ದೌಲತರಾಯರ, ನಾಲ್ಕು ನಾಲ್ಕು ತಾಸು ಕುಂದ್ರಿಸಿ ಮಾತಾಡ್ಸೀರಿ. ನಾ ಇಷ್ಟು ಕಾಲೇಜು ನೋಡೇನಿ, ಇಂಥಾದ್ದು ನೋಡಿಲ್ಲ."

ಹಣಮಂತ್ರಾಯರ ಕೈ ಶಾಲಿನ ಚೀಲದ ಕಡೆ ಸರಿಯಿತು. ದೌಲತರಾಯ ತಲೆ ಬಗ್ಗಿಸಿ ನಕ್ಕ. ಆ ನಗೆ ಎಷ್ಟು ವಿನಯದ್ದಾಗಿತ್ತೆಂದರೆ, ಈಗ ನೆನೆದರೆ ಅವನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಆದರೆ ಮೇಡಂ ಇನ್ನೂ ಓದುತ್ತಿದ್ದರು. ಅರ್ಜಿ ನೋಡಿದರು, ಮತ್ತೆ ರಿಜಿಸ್ಟರು ನೋಡಿದರು, ಅವರ ಹುಬ್ಬು ಗಂಟಾಯಿತು. "ಇಲ್ಲ, ಇದು ಆಗಂಗಿಲ್ಲ. ಸರ್ ಆಗಸ್ಟದಿಂದ ನಾಲ್ಕು ಸಲ ಟೈಮಿನ ಬಗ್ಗೆ ಹೇಳ್ಯಾರ. ನೀನು ಒಪ್ಪೀದಿ ಅಂತ ಬರ್ದಾರ. ಅಷ್ಟು ಹೇಳಿದ ಮ್ಯಾಲೂ ಸರ್ ವಿಷಯದಾಗ ಹಾಜರಿ ನೂರರಾಗ ನಲವತ್ತಕ್ಕ ನಿಂತದ. ಬಸ್ಸಿನ ಮಾತು ಒಂದು ಸಲಾನೂ ಇದರಾಗಿಲ್ಲ. ಈಗ ಕಡೀ ದಿನ ಬಸ್ಸಿನ ನೆಪ ಹೇಳಿದರ ವಿನಾಯಿತಿ ಕೊಡ್ಲಿಕ್ಕೆ ಬರಂಗಿಲ್ಲವ್ವ."

"ನಾನೂ ಅದೇ ಅಂತೀನ್ರಿ," ಎಂದರು ಹಣಮಂತ್ರಾಯರು.

ಪಂಚಶೀಲಾ ರಿಜಿಸ್ಟರನ್ನು ತಲೆಕೆಳಗಾಗಿಯೇ ಓದುತ್ತಿದ್ದಳು. ಓದಿ ಮುಗಿಸಿ, "ನಾ ಬಂದದ್ದು ಖರೆ ಅದರಿ. ನಾಲ್ಕೂ ಶನಿವಾರ ಬಂದೇನಿ," ಎಂದಳು.

ದೌಲತರಾಯ ಮುಂದಿನ ಮಾತಿಗೆ ಕಾದ. 'ಸರ್ ಇದ್ದಿದ್ದಿಲ್ಲ' ಎಂದು ಆಕೆ ಹೇಳಿದ್ದರೆ ಅವನ ಕೆಲಸ ಸುಲಭವಿತ್ತು: ಹುಡುಗಿ ಹೆದರಿ ಸುಳ್ಳು ಹೇಳುತ್ತಿದ್ದಾಳೆ, ಹಳ್ಳಿಯ ಮಕ್ಕಳು, ಪಾಪ, ಎಂದು ಮಾತನ್ನು ಮುಚ್ಚಿಹಾಕುತ್ತಿದ್ದ. ಅದರಲ್ಲಿ ಪಳಗಿದ ಕೈ ಅವನದು. ಆದರೆ ಆಕೆ ಹೇಳಲಿಲ್ಲ. ಸರ್ ಮುಖ ಉಳಿಸಬೇಕೆಂದು ಸುಮ್ಮನಿದ್ದಳೋ, ಹೇಳಿ ಪ್ರಯೋಜನವಿಲ್ಲ ಎಂದು ಸುಮ್ಮನಿದ್ದಳೋ ಅವನಿಗೆ ತಿಳಿಯಲಿಲ್ಲ. ಎರಡೂ ಒಂದೇ ಸಮ ನಾಚಿಕೆ ತಂದವು. ಕಾರಿಡಾರಿನ ಆ ಬೆಂಚು ಕಣ್ಣಿಗೆ ಬಂತು. ನವೆಂಬರಿನಲ್ಲಿ ಅವನು ಫೋಟೊ ಅಂಟಿಸುತ್ತಿದ್ದ ಈ ಕೋಣೆಗೂ ಆ ಬೆಂಚಿಗೂ ನಡುವೆ ಒಂದು ಕದ ಮಾತ್ರ ಇತ್ತು.

"ಮೇಡಂ, ಆಕಿ ನಾಲ್ಕು ತಾಸು ಕುಂತದ್ದು ಖರೆ," ಎಂದ ದೌಲತರಾಯ. "ನಾ ಇದ್ದಿದ್ದಿಲ್ಲ."

"ಇದ್ದಿದ್ದಿಲ್ಲ ಅಂದರ?"

"ಆಗಸ್ಟದಾಗ ಅಫಜಲಪುರಕ್ಕ ಹೋಗಿದ್ದೇನ್ರಿ. ಆಮ್ಯಾಲ ಜೇವರ್ಗಿ, ಯಡ್ರಾಮಿ."

"ಏನು ಕೆಲಸಕ್ಕ?"

"ಭಾಷಣಕ್ಕರಿ."

"ಯಾವುದರ ಮ್ಯಾಲ?"

ದೌಲತರಾಯ ಒಮ್ಮೆ ಶಾಲಿನ ಕಡೆ ನೋಡಿದ. "ಮಕ್ಕಳಿಗೆ ಟೈಮ್ ಕೊಡಬೇಕು ಅನ್ನೋದರ ಮ್ಯಾಲ್ರಿ."

ಸಮಿತಿಯ ಇನ್ನೊಬ್ಬ ಸದಸ್ಯರಿಗೆ ಕೆಮ್ಮು ಬಂತು. ಮೇಡಂ ಮಾತ್ರ ನಗಲಿಲ್ಲ. ಪೆನ್ನು ತೆಗೆದು ಪಂಚಶೀಲಾಳ ಪುಟದ ನಾಲ್ಕೂ ಭೇಟಿಗಳ ಮೇಲೆ ಅಡ್ಡಗೆರೆ ಎಳೆದರು. ಉಳಿದ ಹತ್ತೊಂಬತ್ತು ಪುಟ ತಿರುವಿ, ಕೇಳುವ ಅಗತ್ಯವಿಲ್ಲ ಎಂಬಂತೆ ಅವುಗಳ ಮೇಲೂ ಎಳೆದರು. ಚಹಾದ ಕಲೆಗೆ ಸುತ್ತು ಹಾಕಿ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಬರೆದರು. ಹಣಮಂತ್ರಾಯರು ಶಾಲನ್ನು ಸದ್ದಿಲ್ಲದೆ ಕಪಾಟಿಗೆ ಇಟ್ಟರು. ದೌಲತರಾಯನ ಕಡೆ ಅವರು ನೋಡಿದ ನೋಟದಲ್ಲಿ ಮುಂದಿನ ಮೂರು ವರ್ಷದ ಚುನಾವಣಾ ಡ್ಯೂಟಿಗಳೆಲ್ಲ ಇದ್ದವು.

"ನಿಮ್ಮ ಮ್ಯಾಲ ಏನು ಬರೀಬೇಕೋ ನಾ ಬರೀತೇನಿ," ಎಂದು ಮೇಡಂ ಎದ್ದರು. "ಹುಡುಗೀಗೆ ಯಾರೂ ಏನೂ ಹೇಳಿಲ್ಲ ಅಂದ ಮ್ಯಾಲ ಆಕಿ ಅರ್ಜಿಗೆ ಅಡ್ಡಿ ಇಲ್ಲ. ನಾಲ್ಕೂವರೆ ಆಗೇದ. ಖರೆ ಶಿಫಾರಸು ಒಂದು ಬರೀರಿ."

ಎಲ್ಲರೂ ಗ್ರಂಥಾಲಯ ನೋಡಲು ಹೋದರು. ದೌಲತರಾಯ ಕುರ್ಚಿ ತೋರಿಸಿದ, ಹುಡುಗಿ ಕೂತಳು. ಅವನ ಬಾಯಿಗೆ ಬಂದದ್ದು ಒಂದೇ ಮಾತು.

"ಉಂಡೀಯೇನವ್ವ?"

ಪಂಚಶೀಲಾ ಅವನನ್ನೇ ನೋಡಿದಳು. "ಅದು ನಿಮ್ಮ ಭಾಷಣದಾಗಿಂದಲ್ರಿ, ಸರ್?"

ಅವನ ಗಂಟಲು ಕಟ್ಟಿತು. ಈ ಸಲ ಕರವಸ್ತ್ರ ತಯಾರಿರಲಿಲ್ಲ.

"ಉಂಡೇನ್ರಿ," ಎಂದಳು ಆಕೆ, ಸ್ವಲ್ಪ ಮೆತ್ತಗೆ. "ಮೊದಲು ಶಿಫಾರಸು ಬರೀರಿ. ಐದಕ್ಕ ಆಫೀಸು ಮುಚ್ತಾರ."

ಅವನು ಬರೆದ. 'ಬಸ್ಸಿನ ವೇಳೆಯಿಂದಾಗಿ ಹಾಜರಿ ಕಡಿಮೆಯಾಗಿದೆ. ಇದನ್ನು ಕೇಳಿ ತಿಳಿಯುವುದು ನನ್ನ ಕೆಲಸವಾಗಿತ್ತು, ಮಾಡಲಿಲ್ಲ' ಎಂದು ಬರೆದು ಸಹಿ ಹಾಕಿದ. ಹುಸೇನಸಾಬ ಅರ್ಜಿ ಹಿಡಿದು ಆಫೀಸಿಗೆ ಓಡಿದ. ಐದಕ್ಕೆ ಹತ್ತು ನಿಮಿಷವಿರುವಾಗ ಠಸ್ಸೆ ಹೊಡೆಸಿಕೊಂಡು ಬಂದು ಸ್ವೀಕೃತಿಯ ಚೀಟಿಯನ್ನು ಹುಡುಗಿಯ ಕೈಗಿಟ್ಟ. ಆಕೆ ಅದನ್ನು ಎರಡು ಸಲ ಓದಿ ಪುಸ್ತಕದೊಳಗೆ ಇಟ್ಟುಕೊಂಡಳು.

"ಅಲ್ಲವ್ವ, ನಾಲ್ಕು ಶನಿವಾರ ನನ್ನ ಹಂತ್ಯಾಕ ಏನು ಕೇಳಬೇಕಂತ ಕುಂತಿದ್ದಿ?"

"ಹತ್ತರ ಕ್ಲಾಸು ಹನ್ನೊಂದಕ್ಕ ಮಾಡ್ತೀರೇನ್ರಿ ಅಂತ. ಅಷ್ಟೇ ಕೇಳಬೇಕಿತ್ರಿ."

ಹನ್ನೊಂದಕ್ಕೆ ಆ ಕೋಣೆಯಲ್ಲಿ ಬೇರೆ ವಿಭಾಗದ ಮಕ್ಕಳಿಗೆ ಪಾಠ ಮಾಡುತ್ತಿದ್ದವನು ಸಹೋದ್ಯೋಗಿ ಫಯಾಜ. ಅವನು ಅದೇ ಹೊತ್ತಿಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಕದದ ಮುಂದೆ ಹೊರಟಿದ್ದ. ದೌಲತರಾಯ ಕರೆದು ಕೇಳಿದ. "ತಗೋರಿ ಸರ್, ನನಗೂ ಹತ್ತೇ ಅನುಕೂಲ, ಲಗೂ ಮನಿಗೆ ಹೋಗ್ತೇನಿ," ಎಂದು ಫಯಾಜ ನಿಲ್ಲದೆ ಹೋದ.

ಪಂಚಶೀಲಾ ರಿಜಿಸ್ಟರನ್ನು ಅವನ ಕಡೆ ತಿರುಗಿಸಿ ಇಟ್ಟಳು. "ಇವತ್ತಿಂದು ಬರೀರಿ ಸರ್. ಇದು ಖರೇನ ಆಗೇದ."

ದೌಲತರಾಯ ಕೈಗೆ ಸಿಕ್ಕ ಪೆನ್ನು ತೆಗೆದುಕೊಂಡು ನಾಲ್ಕು ಅಡ್ಡಗೆರೆಗಳ ಕೆಳಗೆ ದಿನಾಂಕ ಹಾಕಿದ. ಹತ್ತರ ತರಗತಿಯನ್ನು ಹನ್ನೊಂದಕ್ಕೆ ಬದಲಿಸಲಾಯಿತು ಎಂದು ಬರೆದ. ಕೊನೆಯಲ್ಲಿ ಭೇಟಿಗೆ ಹಿಡಿದ ಸಮಯ ಎಂಬ ಅಂಕಣವೊಂದಿತ್ತು. ಗೋಡೆಯ ಗಡಿಯಾರ ನೋಡಿ, ಆಕೆ ಕೇಳಿದ ಹೊತ್ತಿನಿಂದ ಎಣಿಸಿ, ಅಲ್ಲಿ ಎರಡು ನಿಮಿಷ ಎಂದು ಬರೆದ.